ನಕಲು ಹಿಡಿಯುವ ಸಾಫ್ಟ್‌ವೇರ್ ಹೈಸ್ಕೂಲಿಗೆ ಬೇಕಾ? ವರ್ಷವಿಡೀ ಬಳಸಿದ ಮೇಷ್ಟ್ರೊಬ್ಬರ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ತಗೊಳ್ಳಬಹುದು. ಆದರೆ ಎಐ ಬರಹ ಪತ್ತೆ ಮಾಡುವ ಭಾಗವನ್ನು ಆಫ್ ಮಾಡಿಸಿ ತಗೊಳ್ಳಿ. ರಿಪೋರ್ಟು ಮೇಷ್ಟ್ರುಗಳಿಗಷ್ಟೇ ಅಲ್ಲ, ಮಕ್ಕಳಿಗೂ ಕಾಣುವ ಹಾಗೆ ಇಟ್ಟುಕೊಳ್ಳಿ. ಬರೀ ಪರ್ಸೆಂಟ್ ನೋಡಿ ಯಾರಿಗೂ ಶಿಕ್ಷೆ ಕೊಡಬೇಡಿ. ಇದಕ್ಕೆಲ್ಲ ನಿಮ್ಮ ಶಾಲೆ ಒಪ್ಪುವುದಿಲ್ಲ ಅಂದರೆ ಸುಮ್ನೆ ದುಡ್ಡು ದಂಡ, ಅದೇ ಹಣಕ್ಕೆ ಲೈಬ್ರರಿಗೆ ನಾಲ್ಕು ಪುಸ್ತಕ ತರಿಸುವುದು ವಾಸಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಪ್ರಾಜೆಕ್ಟು, ಪ್ರಬಂಧ, ಲ್ಯಾಬ್ ರಿಪೋರ್ಟು ಎಲ್ಲವನ್ನೂ ಮಕ್ಕಳು ಈಗ ಟೈಪ್ ಮಾಡಿಯೇ ಕೊಡುತ್ತಾರೆ. ಕಾಪಿ ಹೊಡೆಯುವುದು ಜಾಸ್ತಿಯಾಯಿತು ಎಂದು ಸ್ಟಾಫ್ ರೂಮಿನಲ್ಲಿ ಗೊಣಗಾಟ ಶುರುವಾಗಿ, ಕೊನೆಗೆ ಆಡಳಿತದವರು ಇಂಥದ್ದೊಂದು ಸೇವೆಗೆ ವರ್ಷದ ಚಂದಾ ಕಟ್ಟಿದರು. ಯಾವ ಕಂಪನಿ ಎಂದು ಹೇಳುವುದಿಲ್ಲ. ಇವೆಲ್ಲ ಒಳಗೆ ಹೆಚ್ಚು ಕಡಿಮೆ ಒಂದೇ ರೀತಿ ಕೆಲಸ ಮಾಡುತ್ತವೆ, ಹಾಗಾಗಿ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ನೀವು ಯಾವುದನ್ನು ಕೊಂಡರೂ ಅನ್ವಯಿಸುತ್ತದೆ.

ಕೆಲಸ ಸರಳ. ವಿದ್ಯಾರ್ಥಿ ಫೈಲ್ ಅಪ್‌ಲೋಡ್ ಮಾಡುತ್ತಾನೆ. ಸಾಫ್ಟ್‌ವೇರ್ ಅದರಲ್ಲಿರುವ ಪದಗಳ ಸಾಲುಗಳನ್ನು ತನ್ನ ಸಂಗ್ರಹದ ಜೊತೆ ಹೋಲಿಸುತ್ತದೆ. ಸಂಗ್ರಹ ಅಂದರೆ ವೆಬ್ ಪುಟಗಳು, ಪತ್ರಿಕೆಗಳ ಲೇಖನಗಳು, ಮತ್ತೆ ಹಿಂದೆ ಬೇರೆ ಮಕ್ಕಳು ಸಲ್ಲಿಸಿದ ಬರಹಗಳು. ಹೊಂದಿಕೆಯಾದ ಸಾಲುಗಳಿಗೆ ಬಣ್ಣ ಹಚ್ಚಿ, ಪಕ್ಕದಲ್ಲಿ ಮೂಲ ತೋರಿಸಿ, ಮೇಲೆ ಒಂದು ಪರ್ಸೆಂಟ್ ಹಾಕುತ್ತದೆ. ಈ ಬಣ್ಣ ಹಚ್ಚುವ ಭಾಗ ನಿಜಕ್ಕೂ ಚೆನ್ನಾಗಿದೆ. ಮೊದಲು ಒಂದು ಅನುಮಾನದ ಸಾಲನ್ನು ಹುಡುಕಾಟದ ಪುಟದಲ್ಲಿ ಹಾಕಿ, ಮೂಲ ಹುಡುಕಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವಷ್ಟರಲ್ಲಿ ಒಂದು ಪೀರಿಯಡ್ ಮುಗಿದಿರುತ್ತಿತ್ತು. ಈಗ ರಿಪೋರ್ಟು ತೆರೆದ ಕೂಡಲೇ ಎರಡೂ ಕಣ್ಣ ಮುಂದೆ ಇರುತ್ತವೆ.

ತೊಂದರೆ ಇರುವುದು ಆ ಪರ್ಸೆಂಟಿನಲ್ಲಿ. ನೀರು ಶುದ್ಧ ಮಾಡುವ ವಿಧಾನಗಳ ಬಗ್ಗೆ ಮಕ್ಕಳಿಗೆ ಒಂದು ರಿಪೋರ್ಟು ಬರೆಯಲು ಕೊಟ್ಟಿದ್ದೆ. ಒಬ್ಬನಿಗೆ 42 ಬಂತು. ಅಬ್ಬಾ ಅಂದುಕೊಂಡು ತೆರೆದು ನೋಡಿದರೆ, ನಾನೇ ಕೊಟ್ಟ ಪ್ರಶ್ನೆಯನ್ನು ಅವನು ಮೇಲೆ ಪೂರ್ತಿ ಬರೆದುಕೊಂಡಿದ್ದ, ತರಗತಿಯ ಎಲ್ಲರ ಫೈಲಿನಲ್ಲೂ ಅದು ಇತ್ತು, ಹಾಗಾಗಿ ಅದಕ್ಕೆ ಬಣ್ಣ. ಸೋಸುವಿಕೆಯ ಹಂತಗಳಿಗೆ ಬಣ್ಣ, ಅದನ್ನು ಬೇರೆ ಹೇಗೆ ತಾನೇ ಬರೆಯುತ್ತಾರೆ? ಕೊನೆಯಲ್ಲಿ ಕೊಟ್ಟ ಪುಸ್ತಕಗಳ ಪಟ್ಟಿಗೂ ಬಣ್ಣ. ಇವನ್ನೆಲ್ಲ ಬಿಟ್ಟರೆ ಉಳಿದದ್ದು ಎರಡೇ ಸಾಲು. ಅದೇ ತರಗತಿಯ ಇನ್ನೊಬ್ಬನಿಗೆ 9 ಬಂದಿತ್ತು, ಹಸಿರು ಬಣ್ಣ, ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಆ 9 ಪರ್ಸೆಂಟ್ ಒಂದೇ ಪ್ಯಾರಾ. ಅವನ ತೀರ್ಮಾನದ ಪ್ಯಾರಾ, ಅಂದರೆ ಅವನೇ ಯೋಚನೆ ಮಾಡಿ ಬರೆಯಬೇಕಿದ್ದ ಒಂದೇ ಒಂದು ಜಾಗ, ಅದನ್ನು ಯಾವುದೋ ವೆಬ್ ಪುಟದಿಂದ ಇದ್ದ ಹಾಗೇ ಎತ್ತಿದ್ದ. ಪರ್ಸೆಂಟ್ ನಂಬಿದ್ದರೆ ಮೊದಲನೆಯವನಿಗೆ ಬೈಗುಳ, ಎರಡನೆಯವನಿಗೆ ಶಭಾಷ್.

ಟರ್ನಿಟಿನ್‌ನಂಥ ದೊಡ್ಡ ನಕಲು ಪತ್ತೆ ಕಂಪನಿಯೂ ಇದನ್ನು ಮುಚ್ಚಿಡುವುದಿಲ್ಲ. ನಾವು ತೋರಿಸುವುದು ಹೋಲಿಕೆ ಮಾತ್ರ, ಅದು ನಕಲು ಹೌದೋ ಅಲ್ಲವೋ ಎಂದು ಕಲಿಸುವವರೇ ತೀರ್ಮಾನಿಸಬೇಕು ಎಂದು ಅವರೇ ಹೇಳುತ್ತಾರೆ. ಆದರೆ ಶಾಲೆಗೆ ಬಂದಾಗ ಆ ಮಾತು ಎಲ್ಲೋ ಕಳೆದುಹೋಗಿ, 'ಇಪ್ಪತ್ತೈದು ದಾಟಿದರೆ ವಾಪಸ್' ಅನ್ನುವ ನಿಯಮ ಆಗುತ್ತದೆ. ನಮ್ಮಲ್ಲೂ ಮೊದಲ ಟರ್ಮಿನಲ್ಲಿ ಹಾಗೆಯೇ ಆಯಿತು. ಮಕ್ಕಳು ಎರಡೇ ವಾರದಲ್ಲಿ 24ಕ್ಕೆ ತಂದು ನಿಲ್ಲಿಸುವುದನ್ನು ಕಲಿತರು!

ಸೆಟ್ಟಿಂಗ್ಸಿನಲ್ಲಿ ಪ್ರಶ್ನೆಯ ಭಾಗ, ಉಲ್ಲೇಖದ ಚಿಹ್ನೆಯೊಳಗಿನ ಭಾಗ, ಕೊನೆಯ ಪುಸ್ತಕ ಪಟ್ಟಿ ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಹಾಗೆ ಮಾಡಬಹುದು. ಮೊದಲ ದಿನವೇ ಮಾಡಿ. ಇನ್ನೊಂದು, ಡ್ರಾಫ್ಟುಗಳನ್ನು ಸಂಗ್ರಹಕ್ಕೆ ಸೇರಿಸಬೇಡ ಎನ್ನುವ ಆಯ್ಕೆ ಹಾಕದಿದ್ದರೆ ಕೊನೆಯ ಪ್ರತಿ ಸಲ್ಲಿಸಿದಾಗ ಅವರದೇ ಡ್ರಾಫ್ಟಿನ ಜೊತೆ ಹೊಂದಿಕೆಯಾಗಿ ನೂರರ ಹತ್ತಿರ ಬಂದು ಕೂರುತ್ತದೆ, ಪಾಪ ಮಕ್ಕಳು ಗಾಬರಿಯಾಗುತ್ತಾರೆ.

ಗೆಳೆಯರ ನಡುವಿನ ಕಾಪಿಯ ವಿಷಯಕ್ಕೆ ಬಂದರೆ ಇದಕ್ಕೆ ಒಂದು ದೊಡ್ಡ ಕೊರತೆ ಇದೆ. ಮೊದಲು ಸಲ್ಲಿಸಿದವರಿಗೆ ಸೊನ್ನೆ, ಆಮೇಲೆ ಸಲ್ಲಿಸಿದವರಿಗೆ ಪೂರ್ತಿ ಕೆಂಪು. ಯಾರು ಬರೆದದ್ದು, ಯಾರು ನೋಡಿ ಬರೆದದ್ದು ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಕಾಪಿ ಹೊಡೆದವನಿಗೆ ಮಾಡುವ ಕೆಲಸ ಕಡಿಮೆ, ಹಾಗಾಗಿ ಅವನೇ ಬೇಗ ಮುಗಿಸಿ ಮೊದಲು ಸಲ್ಲಿಸುವುದೂ ಉಂಟು. ನಿಜವಾಗಿ ಬರೆದ ಹುಡುಗಿ ರಾತ್ರಿ ಕೂತು ಇನ್ನೊಮ್ಮೆ ತಿದ್ದಿ ಮಾರನೇ ದಿನ ಸಲ್ಲಿಸಿದರೆ ಕಳ್ಳಿ ಅವಳೇ ಆಗಿ ಕಾಣುತ್ತಾಳೆ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ, 'ಈ ಮೂರನೇ ಚಿತ್ರದಲ್ಲಿ ಬಾಣ ಈ ಕಡೆ ಯಾಕೆ ಹೋಗಿದೆ' ಎಂದು ಕೇಳಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಅದಕ್ಕೆ ಸಾಫ್ಟ್‌ವೇರ್ ಬೇಕಿಲ್ಲ.

ಮಕ್ಕಳ ಬುದ್ಧಿವಂತಿಕೆಯೂ ಕಡಿಮೆ ಇಲ್ಲ ಬಿಡಿ. ಒಂದು ಇಂಗ್ಲಿಷ್ ಪ್ರಬಂಧಕ್ಕೆ ಪೂರ್ತಿ ಸೊನ್ನೆ ಬಂದಿತ್ತು. ಯಾರೇ ಬರೆದರೂ ಅಲ್ಲೊಂದು ಇಲ್ಲೊಂದು ಸಾಮಾನ್ಯ ಮಾತು ಎಲ್ಲಾದರೂ ಹೊಂದಿಕೆಯಾಗಿಯೇ ಆಗುತ್ತದೆ, ಸೊನ್ನೆ ಅಂದರೇ ಅನುಮಾನ. ಫೈಲು ತೆರೆದರೆ ಸ್ಪೆಲ್ಲಿಂಗ್ ಸರಿಯಿರುವ ಪದಗಳ ಕೆಳಗೂ ತಪ್ಪೆಂದು ಕೆಂಪು ಗೆರೆ. ಇಂಗ್ಲಿಷಿನ ಕೆಲವು ಅಕ್ಷರಗಳ ಜಾಗದಲ್ಲಿ ನೋಡಲು ಅದೇ ರೀತಿ ಇರುವ ರಷ್ಯನ್ ಲಿಪಿಯ ಅಕ್ಷರಗಳನ್ನು ಹಾಕಿದ್ದ. ನಮ್ಮ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಇಷ್ಟು ಕಷ್ಟಪಡುವ ಬದಲು ಪ್ರಬಂಧವನ್ನೇ ಬರೆಯಬಹುದಿತ್ತಲ್ಲ ಎಂದೆ. ಅವನೂ ನಕ್ಕ. ನಾವು ಬಳಸುವ ಸೇವೆ ಇಂಥ ಅಕ್ಷರಗಳನ್ನು ಗುರುತಿಸಿ ಎಚ್ಚರಿಕೆ ಕೊಡುತ್ತದೆ, ಅದಕ್ಕೆ ಒಂದು ಮಾರ್ಕ್ ಜಾಸ್ತಿ. ಆದರೆ ಒಂದು ಭಾಷೆಯಲ್ಲಿ ಇರುವುದನ್ನು ಯಂತ್ರದಿಂದ ಇನ್ನೊಂದು ಭಾಷೆಗೆ ಅನುವಾದ ಮಾಡಿಸಿ ಸಲ್ಲಿಸಿದರೆ ನಮಗೆ ಒಂದು ಸಲವೂ ಹಿಡಿದುಕೊಟ್ಟಿಲ್ಲ.

ಇಷ್ಟೆಲ್ಲ ಹೇಳಿ ತಗೊಳ್ಳಬಹುದು ಎಂದು ಯಾಕೆ ಹೇಳಿದೆ? ಎರಡನೇ ಟರ್ಮಿನಲ್ಲಿ ಇಂಗ್ಲಿಷ್ ಮೇಡಂ ಒಂದು ಕೆಲಸ ಮಾಡಿದರು. ಡ್ರಾಫ್ಟನ್ನು ಮಕ್ಕಳೇ ಹಾಕಿ, ರಿಪೋರ್ಟನ್ನು ಮಕ್ಕಳೇ ನೋಡಿ, ತಿದ್ದಿ, ಆಮೇಲೆ ಕೊನೆಯ ಪ್ರತಿ ಕೊಡಬೇಕು ಎಂದರು. ಡ್ರಾಫ್ಟಿಗೆ ಮಾರ್ಕೂ ಇಲ್ಲ, ಬೈಗುಳವೂ ಇಲ್ಲ. ಮಜಾ ಶುರುವಾದದ್ದು ಅಲ್ಲಿ. ಹೈಸ್ಕೂಲ್ ಮಕ್ಕಳು ಮಾಡುವ ನಕಲಿನಲ್ಲಿ ಬಹಳಷ್ಟು ಕಳ್ಳತನವೇ ಅಲ್ಲ, ಅವರಿಗೆ ಬರೆಯುವ ದಾರಿ ಗೊತ್ತಿಲ್ಲ ಅಷ್ಟೆ. ಮೂಲದ ವಾಕ್ಯ ಇಟ್ಟುಕೊಂಡು ಅಲ್ಲಿ ಇಲ್ಲಿ ನಾಲ್ಕು ಪದ ಬದಲಿಸಿದರೆ ಅದು ತನ್ನ ಸ್ವಂತದ್ದು ಎಂದೇ ಅವರು ತಿಳಿದಿರುತ್ತಾರೆ, ಚಿಕ್ಕ ತರಗತಿಗಳಿಂದ ಹಾಗೇ ಮಾಡಿಕೊಂಡು ಬಂದಿದ್ದಾರೆ, ಯಾರೂ ತಡೆದಿಲ್ಲ, ಎಷ್ಟೋ ಸಲ ನಾವೇ 'ಸ್ವಲ್ಪ ಬದಲಿಸಿ ಬರಿ' ಎಂದು ಹೇಳಿರುತ್ತೇವೆ. ರಿಪೋರ್ಟಿನಲ್ಲಿ ತನ್ನ ವಾಕ್ಯ ಒಂದು ಕಡೆ, ಮೂಲದ ವಾಕ್ಯ ಇನ್ನೊಂದು ಕಡೆ, ನಡುವೆ ಬದಲಾದ ಆ ನಾಲ್ಕು ಪದ ಮಾತ್ರ ಬಣ್ಣವಿಲ್ಲದೆ ಬಿಳಿಯಾಗಿ ಉಳಿದದ್ದು ನೋಡಿದಾಗ ಮಕ್ಕಳಿಗೆ ಅರ್ಥವಾಗುತ್ತದೆ. ಉಪನ್ಯಾಸ ಕೊಟ್ಟು ಇದನ್ನು ತಿಳಿಸಲು ಆಗುವುದಿಲ್ಲ, ನಾನೂ ಪ್ರಯತ್ನ ಮಾಡಿ ನೋಡಿದವನೇ.

ಮೇಡಂ ಹೇಳಿಕೊಟ್ಟ ಉಪಾಯ ಹೀಗಿತ್ತು. ಬಣ್ಣ ಬಂದ ಪ್ಯಾರಾ ಓದಿ, ಪರದೆ ಮುಚ್ಚಿ, ಪಕ್ಕದವರಿಗೆ ಬಾಯಲ್ಲಿ ಹೇಳಿ, ಹೇಳಿದ್ದನ್ನೇ ಬರೆಯಿರಿ. ಬರೆದ ಮೇಲೆ ಅದು ಯಾರಿಂದ ತಿಳಿದದ್ದು ಎಂದು ಒಂದು ಸಾಲು ಸೇರಿಸಿ. ಕೆಲವರ ವಾಕ್ಯಗಳು ಒರಟಾದವು, ವ್ಯಾಕರಣ ತಪ್ಪಿತು. ಆದರೆ ಓದಿದರೆ ಆ ಹುಡುಗನ ಧ್ವನಿ ಕೇಳುತ್ತಿತ್ತು. ನಾನೂ ಲ್ಯಾಬ್ ರಿಪೋರ್ಟಿಗೆ ಇದನ್ನೇ ತಂದೆ. ರಿಪೋರ್ಟನ್ನು ಮಕ್ಕಳಿಂದ ಮುಚ್ಚಿಟ್ಟು ಕೊನೆಗೆ ಒಮ್ಮೆಲೇ ಹಿಡಿಯುವ ಶಾಲೆಗೆ ಈ ಸೇವೆಯ ಒಳ್ಳೆಯ ಭಾಗ ಸಿಗುವುದೇ ಇಲ್ಲ.

ಇನ್ನು ಎಐ ಪತ್ತೆ. ಇದರ ಬಗ್ಗೆ ನನಗೆ ಸಿಟ್ಟಿದೆ, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಹೋಲಿಕೆಯ ಭಾಗದಲ್ಲಿ ಕನಿಷ್ಠ ಮೂಲ ಕಾಣುತ್ತದೆ, ನೀವೇ ಹೋಗಿ ಓದಬಹುದು. ಎಐ ಭಾಗದಲ್ಲಿ ಹಾಗಿಲ್ಲ. ಮುಂದಿನ ಪದ ಎಷ್ಟು ಸುಲಭವಾಗಿ ಊಹಿಸಬಹುದು, ವಾಕ್ಯಗಳ ಉದ್ದ ಎಷ್ಟು ಒಂದೇ ಸಮ ಇದೆ, ಇಂಥವನ್ನು ಲೆಕ್ಕ ಹಾಕಿ ಒಂದು ಅಂಕಿ ಎಸೆಯುತ್ತದೆ. ಸಾಕ್ಷಿ ಏನೂ ಇಲ್ಲ. ನಮ್ಮಲ್ಲಿ ಒಬ್ಬ ಹುಡುಗಿ ಇದ್ದಾಳೆ, ಬಹಳ ಅಚ್ಚುಕಟ್ಟು. ಚಿಕ್ಕ ಚಿಕ್ಕ ವಾಕ್ಯ, ಒಂದೂ ತಪ್ಪಿಲ್ಲ, ಪಠ್ಯಪುಸ್ತಕದ ಭಾಷೆ. ಅವಳ ಪ್ರಬಂಧಕ್ಕೆ 78 ಬಂತು. ಸಮಾಜ ವಿಜ್ಞಾನದ ಮೇಷ್ಟ್ರು ಕರೆದು ಎಲ್ಲರ ಮುಂದೆ ಕೇಳಿಬಿಟ್ಟರು. ಅವಳು ಅದನ್ನು ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದಳು. ಹಳೆಯ ಆವೃತ್ತಿಗಳನ್ನು ತೆಗೆದು ನೋಡಿದರೆ ಮೂರು ಸಂಜೆ ಕೂತು ಬರೆದದ್ದು, ಅಳಿಸಿದ್ದು, ಒಂದು ಪ್ಯಾರಾ ಮೇಲಿನಿಂದ ಕೆಳಗೆ ತಂದದ್ದು ಎಲ್ಲ ಕಾಣಿಸಿತು. ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಮುಂದಿನ ಪ್ರಬಂಧದಲ್ಲಿ ಅವಳು ಬೇಕೆಂದೇ ಅಲ್ಲಲ್ಲಿ ಕಾಗುಣಿತ ತಪ್ಪು ಮಾಡಿ ತಂದಿದ್ದಳು. 'ಸರಿಯಾಗಿ ಬರೆದರೆ ನಂಬಲ್ಲ ಸರ್' ಎಂದಳು. ಪ್ರಾಮಾಣಿಕತೆ ಬೆಳೆಸಲು ತಂದ ಯಂತ್ರ ಪ್ರಾಮಾಣಿಕವಾಗಿ ಬರೆಯುವವಳಿಗೆ ಸುಳ್ಳು ತಪ್ಪು ಮಾಡುವುದನ್ನು ಕಲಿಸಿತು.

ಇದು ನಮ್ಮ ಒಂದು ಶಾಲೆಯ ಕಥೆ ಅಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಎಐ ಬರಹ ಗುರುತಿಸುವ ಸಾಧನ ಬಿಟ್ಟಿತ್ತು. ಎಐ ಬರೆದದ್ದರಲ್ಲಿ ಅದು ಸರಿಯಾಗಿ ಗುರುತಿಸುತ್ತಿದ್ದದ್ದು ಶೇ. 26ರಷ್ಟು, ಮನುಷ್ಯರು ಬರೆದದ್ದರಲ್ಲಿ ಶೇ. 9ನ್ನು ಎಐ ಎನ್ನುತ್ತಿತ್ತು. ಆರು ತಿಂಗಳಿಗೆ, ಅದೇ ವರ್ಷದ ಜುಲೈನಲ್ಲಿ, ನಿಖರತೆ ಕಡಿಮೆ ಎಂದು ಹೇಳಿ ಅವರೇ ಮುಚ್ಚಿದರು. ಯಂತ್ರ ಮಾಡಿದವರಿಗೇ ಗುರುತು ಸಿಗುವುದಿಲ್ಲ ಅಂದರೆ ಬೇರೆಯವರು ಎದೆ ತಟ್ಟಿ ಹೇಳುವುದನ್ನು ಎಷ್ಟು ನಂಬುವುದು? ಟರ್ನಿಟಿನ್ ತನ್ನ ಎಐ ಪತ್ತೆಯನ್ನು 2023ರ ಏಪ್ರಿಲ್‌ನಲ್ಲಿ ತಂದಾಗ ತಪ್ಪು ಆರೋಪ ಬರುವ ಸಾಧ್ಯತೆ ಶೇ. 1ಕ್ಕಿಂತ ಕಡಿಮೆ ಎಂದಿತ್ತು. ಕೇಳಲು ಚಿಕ್ಕದು, ಅಲ್ವಾ? ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ತನ್ನ ಲೆಕ್ಕ ಹಾಕಿ ನೋಡಿತು. 2022ರಲ್ಲಿ ಅವರಲ್ಲಿ ಸಲ್ಲಿಕೆಯಾದ ಬರಹಗಳು 75,000. ಶೇ. 1 ಎಂದರೂ ಸುಮಾರು 750 ಬರಹಗಳ ಮೇಲೆ ಸುಳ್ಳು ಅನುಮಾನ. 2023ರ ಆಗಸ್ಟಿನಲ್ಲಿ ಅವರು ಅದನ್ನು ಆಫ್ ಮಾಡಿದರು.

ನಮ್ಮಂಥವರಿಗೆ ಇದಕ್ಕಿಂತ ಮುಖ್ಯವಾದದ್ದು ಸ್ಟ್ಯಾನ್‌ಫರ್ಡ್‌ನವರು 2023ರಲ್ಲಿ ಪ್ರಕಟಿಸಿದ ಅಧ್ಯಯನ. ಏಳು ಪತ್ತೆ ಸಾಧನಗಳಿಗೆ ಅವರು ಎರಡು ಗುಂಪಿನ ಬರಹ ಕೊಟ್ಟರು. ಒಂದು, ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳು. ಇನ್ನೊಂದು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎನ್ನುವ ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆಗೆ ಬರೆದ 91 ಪ್ರಬಂಧಗಳು. ಮೊದಲ ಗುಂಪಿನದನ್ನು ಹೆಚ್ಚುಕಡಿಮೆ ಎಲ್ಲ ಸರಿಯಾಗಿ ಮನುಷ್ಯರದು ಎಂದವು. ಎರಡನೇ ಗುಂಪಿನದನ್ನು ಸರಾಸರಿ ಶೇ. 61ರಷ್ಟು ಎಐ ಎಂದವು! ಕಾರಣ ಸುಲಭ. ಕಲಿತ ಭಾಷೆಯಲ್ಲಿ ಬರೆಯುವವರು ಗೊತ್ತಿರುವ ಪದಗಳನ್ನೇ ಬಳಸುತ್ತಾರೆ, ಗೊತ್ತಿರುವ ವಾಕ್ಯರಚನೆಯಲ್ಲೇ ಬರೆಯುತ್ತಾರೆ, ಹಾಗಾಗಿ ಮುಂದಿನ ಪದ ಊಹಿಸುವುದು ಸುಲಭವಾಗುತ್ತದೆ. ನಮ್ಮ ಹುಡುಗಿಯ ಪ್ರಬಂಧವೂ ಇಂಗ್ಲಿಷಿನಲ್ಲೇ ಇತ್ತು.

ಎಐ ಬಂದು ಮಕ್ಕಳು ಪೂರ್ತಿ ಕೆಟ್ಟರು ಎನ್ನುವ ಮಾತನ್ನೂ ಸ್ವಲ್ಪ ತಡೆದು ಹೇಳಬೇಕು. ಅಮೆರಿಕದ ರಟ್ಗರ್ಸ್‌ನ ಪ್ರೊಫೆಸರ್ ಡೊನಾಲ್ಡ್ ಮೆಕೇಬ್ ಚಾಟ್‌ಜಿಪಿಟಿ ಹುಟ್ಟುವ ಎಷ್ಟೋ ಮೊದಲೇ 70,000ಕ್ಕೂ ಹೆಚ್ಚು ಹೈಸ್ಕೂಲ್ ಮಕ್ಕಳನ್ನು ಕೇಳಿದ್ದರು. ಪರೀಕ್ಷೆಯಲ್ಲಿ ಮೋಸ ಮಾಡಿದ್ದೇವೆ ಎಂದವರು ಶೇ. 64, ಬರಹ ನಕಲು ಮಾಡಿದ್ದೇವೆ ಎಂದವರು ಶೇ. 58. ಸ್ಟ್ಯಾನ್‌ಫರ್ಡ್‌ನವರು 2023ರಲ್ಲಿ ಹೈಸ್ಕೂಲುಗಳಲ್ಲಿ ಕೇಳಿದಾಗಲೂ ಹಿಂದಿನ ತಿಂಗಳಲ್ಲಿ ಏನಾದರೊಂದು ಮೋಸ ಮಾಡಿದೆವು ಎಂದವರು ಶೇ. 60ರಿಂದ 70, ಅಂದರೆ ಎಐ ಬರುವ ಮುಂಚೆ ಇದ್ದಷ್ಟೇ. ಚೀಟಿ ಹೋಗಿ ಮೊಬೈಲ್ ಬಂತು ಅಷ್ಟೆ.

ಖಾಸಗಿತನದ ವಿಷಯ ಕೊಳ್ಳುವ ಮುಂಚೆಯೇ ಕೇಳಿ. ಮಕ್ಕಳು ಬರೆದದ್ದು ಕಂಪನಿಯ ಸಂಗ್ರಹದಲ್ಲಿ ಉಳಿಯುತ್ತದೆ, ಅದರಿಂದಲೇ ಕಂಪನಿಯ ವ್ಯಾಪಾರ ಬೆಳೆಯುತ್ತದೆ. ಅಮೆರಿಕದ ನಾಲ್ವರು ಹೈಸ್ಕೂಲ್ ವಿದ್ಯಾರ್ಥಿಗಳು ಇದೇ ವಿಷಯಕ್ಕೆ, ನಮ್ಮ ಬರಹದ ಹಕ್ಕು ನಮ್ಮದು ಎಂದು, ಟರ್ನಿಟಿನ್ ನಡೆಸುತ್ತಿದ್ದ ಐಪ್ಯಾರಡೈಮ್ಸ್ ಕಂಪನಿಯ ಮೇಲೆ ಕೇಸು ಹಾಕಿದ್ದರು. 2009ರಲ್ಲಿ ಮೇಲಿನ ಕೋರ್ಟು ಇದು ನ್ಯಾಯಯುತ ಬಳಕೆ, ಅಂದರೆ ಬರೆದವರ ಅನುಮತಿ ಇಲ್ಲದೆಯೂ ಕಾನೂನು ಒಪ್ಪುವ ಬಳಕೆ ಎಂದು ಕಂಪನಿಯ ಪರ ತೀರ್ಪು ಕೊಟ್ಟಿತು. ಕಾನೂನು ಆ ಕಡೆ ಇರಬಹುದು, ಆದರೂ ಆ ಮಕ್ಕಳು ಕೇಳಿದ್ದು ಸರಿಯಾದ ಪ್ರಶ್ನೆಯೇ. ನಾವು ಫೈಲಿನೊಳಗೆ ಹೆಸರು ಬರೆಯಬೇಡಿ, ರೋಲ್ ನಂಬರ್ ಸಾಕು ಎಂದಿದ್ದೇವೆ. ಮನೆಯ ವಿಷಯ ಬರುವ ಪ್ರಬಂಧಗಳನ್ನು ಇದಕ್ಕೆ ಹಾಕಿಸುವುದೇ ಇಲ್ಲ.

ಸೇವೆಯ ಜೊತೆ ಮೇಷ್ಟ್ರುಗಳಿಗೆ ಒಂದು ಆನ್‌ಲೈನ್ ತರಬೇತಿಯೂ ಉಚಿತ. ನೋಡದಿದ್ದರೂ ನಷ್ಟವಿಲ್ಲ. ಅದರಲ್ಲಿ ಒಂದು ಸಲಹೆ, ಉತ್ತರ ಪತ್ರಿಕೆಯ ಕೆಳಗೆ ಬದಲು ಮೇಲೆಯೇ 'ನಾನು ಪ್ರಾಮಾಣಿಕವಾಗಿ ಬರೆಯುತ್ತೇನೆ' ಎಂದು ಸಹಿ ಮಾಡಿಸಿ, ಮೋಸ ಕಡಿಮೆಯಾಗುತ್ತದೆ ಎಂದು ಸಂಶೋಧನೆ ಹೇಳಿದೆ ಅಂತ. ಆ ಸಂಶೋಧನೆ 2012ರಲ್ಲಿ ಪ್ರಕಟವಾದದ್ದು ನಿಜ. ಆಮೇಲೆ ಮತ್ತೆ ಪ್ರಯೋಗ ಮಾಡಿದಾಗ ಅದೇ ಲೇಖಕರಿಗೇ ಫಲಿತಾಂಶ ಬರಲಿಲ್ಲ, 2021ರಲ್ಲಿ ಅದರ ಒಂದು ಭಾಗದ ದತ್ತಾಂಶವೇ ಕಟ್ಟಿದ್ದು ಎಂದು ಹೊರಬಿದ್ದು ಪತ್ರಿಕೆ ಲೇಖನವನ್ನು ಹಿಂತೆಗೆದುಕೊಂಡಿತು. ಪ್ರಾಮಾಣಿಕತೆಯ ಬಗೆಗಿನ ಸಂಶೋಧನೆಯ ಗತಿ ಇದು! ತರಬೇತಿಯಲ್ಲಿ ಇನ್ನೂ ಅದನ್ನೇ ಹೇಳಿಕೊಡುತ್ತಿದ್ದಾರೆ.

ನಮ್ಮಲ್ಲಿ ನಕಲು ಕಡಿಮೆಯಾದದ್ದು ಪ್ರಶ್ನೆ ಬದಲಿಸಿದಾಗ. 'ಮಣ್ಣಿನ ಸವಕಳಿ ಬಗ್ಗೆ ಬರೆಯಿರಿ' ಎಂದರೆ ಎತ್ತಿ ಹಾಕುತ್ತಾರೆ, ಹಾಕದೆ ಏನು ಮಾಡುತ್ತಾರೆ? 'ಮೈದಾನದ ಎರಡು ಜಾಗದ ಮಣ್ಣು ತಂದು, ನೀರು ಹಾಕಿ, ಹರಿದ ನೀರಿನ ಬಣ್ಣ ಹೋಲಿಸಿ, ಯಾಕೆ ಹಾಗಾಯಿತು ಬರೆಯಿರಿ' ಎಂದರೆ ಎಲ್ಲಿಂದ ಎತ್ತುತ್ತಾರೆ? ಎತ್ತಬಹುದು, ಆದರೆ ಬರೆಯುವುದಕ್ಕಿಂತ ಅದೇ ಕಷ್ಟ. ಜೊತೆಗೆ ಸಲ್ಲಿಸಿದ ಮೇಲೆ ಪ್ರತಿಯೊಬ್ಬರಿಗೂ ಒಂದೆರಡು ನಿಮಿಷದ ವೈವಾ. ದೊಡ್ಡ ತರಗತಿಯಲ್ಲಿ ಎಲ್ಲರನ್ನೂ ಕೇಳಲು ಆಗುವುದಿಲ್ಲ ಎನ್ನುವುದು ಗೊತ್ತು, ನಾವು ಚೀಟಿ ಎತ್ತಿ ಕೆಲವರನ್ನು ಕೇಳುತ್ತೇವೆ, ಯಾರ ಹೆಸರು ಬರುತ್ತದೋ ಗೊತ್ತಿಲ್ಲದ ಕಾರಣ ಎಲ್ಲರೂ ಓದಿಕೊಂಡೇ ಬರುತ್ತಾರೆ. ಒಂದೇ ವಾರದಲ್ಲಿ ಐದು ವಿಷಯದ ಪ್ರಾಜೆಕ್ಟ್ ಬೀಳದ ಹಾಗೆ ಸ್ಟಾಫ್ ರೂಮಿನ ಬೋರ್ಡಿನಲ್ಲಿ ಕೊನೆಯ ದಿನಾಂಕಗಳನ್ನೂ ಹಂಚಿಕೊಂಡೆವು. ಇದಕ್ಕೆ ಯಾವ ಚಂದಾವೂ ಬೇಕಾಗಲಿಲ್ಲ.

ಉಳಿದ ಸಣ್ಣಪುಟ್ಟವು. ಮೊಬೈಲಿನಲ್ಲಿ ರಿಪೋರ್ಟು ತೆರೆದರೆ ಬಣ್ಣ ಒಂದು ಕಡೆ, ಮೂಲ ಇನ್ನೊಂದು ಕಡೆ, ಲ್ಯಾಪ್‌ಟಾಪ್ ಬೇಕೇ ಬೇಕು. ಕೊನೆಯ ದಿನದ ರಾತ್ರಿ ಎಲ್ಲರೂ ಒಟ್ಟಿಗೆ ಹಾಕುವಾಗ ರಿಪೋರ್ಟು ಬರಲು ಗಂಟೆಗಟ್ಟಲೆ ಹಿಡಿಯುತ್ತದೆ. ಸಪೋರ್ಟಿನವರು ಮರ್ಯಾದೆಯಿಂದ ಮಾತಾಡುತ್ತಾರೆ, ಆದರೆ ಎಐ ಅಂಕಿ ಯಾಕೆ ಹಾಗೆ ಬಂತು ಎಂದು ಕೇಳಿದರೆ ಮಾತ್ರ ಸಹಾಯ ಪುಟದ ಲಿಂಕ್ ಕಳಿಸಿ ಸುಮ್ಮನಾಗುತ್ತಾರೆ. ಹೋಲಿಕೆ ತೋರಿಸುವುದಕ್ಕೆ ಐದರಲ್ಲಿ ನಾಲ್ಕು, ಎಐ ಪತ್ತೆಗೆ ಸೊನ್ನೆ, ಒಟ್ಟು ಮೂರು ಕೊಡುತ್ತೇನೆ. ಮುಂದಿನ ವರ್ಷದ ಚಂದಾ ಕಟ್ಟುವ ಮುಂಚೆ ಎಐ ಭಾಗ ನಮಗೆ ಬೇಡ, ಅದರ ಹಣ ಕಳೆದು ಬಿಲ್ ಕೊಡಿ ಎಂದು ಮೇಲ್ ಹಾಕಿದ್ದೇವೆ. ಎರಡೂ ಸೇರಿಯೇ ಬರುತ್ತದೆ, ಬೇಡದಿದ್ದರೆ ಆಫ್ ಮಾಡಿಕೊಳ್ಳಿ ಎಂದಿದ್ದಾರೆ.